ಮೂರನೆಯ ಪಾಲು

ದಿಂಡಿಗನಪಲ್ಲಿ
೧೨ನೇ ಫೆಬ್ರವರಿ ೧೯೪೧

ಮಾವನವರಿಗೆ ಸೊಸೆ ಮುನಿಗಂಗಮ್ಮನ ನಮಸ್ಕಾರ.

ಈ ವರ್ಷದ ಕಡಿತ ನಿನ್ನೆಗೆ ಮುಗಿಯಿತು. ಏಳನೆಯ ಪಾಲು. ಹದಿನೇಳು ದಿನ ಹಿಡಿಯಿತು. ಕಟ್ಟಿಗೆಯೆಲ್ಲ ಗಾಡಿಯಲ್ಲಿ ಹೋಯಿತು. ಮುಳ್ಳುಬೇಲಿ ಮೂಡಲ ಕಡೆ ಸ್ವಲ್ಪ ಬಾಕಿ ಇದೆ. ನೀವು ಊರು ಬಿಟ್ಟು ನಂಗಲಿಗೆ ಹೋದ ಮೇಲೆ ಇದು ನಾಲ್ಕನೆಯ ಕಡಿತ. ಪ್ರತಿ ಸಲವೂ ನಿಮಗೆ ತಿಳಿಸಬೇಕು ಎಂದುಕೊಳ್ಳುತ್ತಿದ್ದೆ, ಬರೆಯಲಿಲ್ಲ.

ಈಗ ಬರೆಯುವುದಕ್ಕೆ ಒಂದು ಕಾರಣವಿದೆ. ಊರ ಕಮಿಟಿಯವರು ಹೋದ ತಿಂಗಳು ಸೇರಿ, ಕಾಡಿನ ಕಾವಲನ್ನು ನನ್ನ ಹೆಸರಿಗೆ ಬರೆದರು. ಹೆಂಗಸಿಗೆ ಏನು ಗೊತ್ತು ಎಂದು ಮೊದಲು ನನ್ನನ್ನೇ ಎದುರಿಗೆ ನಿಲ್ಲಿಸಿ ಕೇಳಿದರು. ನೀವು ಕಡಿತದ ಮೊದಲನೆಯ ದಿನ ಆಳುಗಳಿಗೆ ಹೇಳುತ್ತಿದ್ದುದನ್ನೇ ಹೇಳಿದೆ. ಕಾಡಿಗೆ ಹದಿನಾಲ್ಕು ಪಾಲು. ವರ್ಷಕ್ಕೊಂದು ಪಾಲಿಗೆ ಮಾತ್ರ ಕೊಡಲಿ. ಜಾಲಾರಿಯಾಗಲಿ ದಿಂಡಿಗವಾಗಲಿ ನೆಲಮಟ್ಟಕ್ಕೆ ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಆ ಚಿಗುರು ಮರವಾಗಿ ಸರದಿ ತಿರುಗಿ ಬರುವುದಕ್ಕೆ ಹದಿನಾಲ್ಕು ವರ್ಷ. ಕಡಿದ ಪಾಲಿಗೆ ಮೂರು ವರ್ಷ ಮೇಕೆ ಬಿಡಬಾರದು. ಪಾಲಿಗೆ ಇಪ್ಪತ್ತು ತಾಯಿಮರ ಬಿಡಬೇಕು, ಅವಕ್ಕೆ ಒಣಗುವ ತನಕ ಕೊಡಲಿ ಹಾಕಬಾರದು. ಇಷ್ಟು ಹೇಳಿದೆ. 

ಆಗ ಕಮಿಟಿಯ ಕೋದಂಡರಾಮಪ್ಪನವರು, ಕೊಡಲಿಯ ಕಚ್ಚು ತಪ್ಪಿ ಹಾಕಿ ಹೆತ್ತ ಮಗನ ಮೇಲೆ ಮರ ಕೆಡವಿದ ಮನೆಗೇ ಮತ್ತೆ ಕಾವಲು ಕೊಡುವುದೇ ಎಂದರು.  ನಾನು ಅದನ್ನು ಅಲ್ಲಗಳೆಯಲಿಲ್ಲ. ಬೇರೆ ಯಾರೂ ಆ ಕೆಲಸ ಕೇಳಿಕೊಂಡು ಬರಲಿಲ್ಲವಾಗಿ ನನಗೇ ಬಂತು.

ದಿನಕ್ಕೆ ಎರಡು ಸಲ ಸುತ್ತುತ್ತೇನೆ. ಮೂರನೆಯ ಪಾಲಿಗೂ ಹೋಗುತ್ತೇನೆ, ಹೋಗದೆ ಇರುವ ಹಾಗಿಲ್ಲ. ಅಲ್ಲಿ ಚಿಗುರು ಎರಡಾಳು ಎತ್ತರ ಬಂದಿದೆ. ನಮ್ಮ ಯಜಮಾನರು ಅಲ್ಲಿ ಹೋಗಿ ಈ ಮಾಘಕ್ಕೆ ನಾಲ್ಕು ವರ್ಷ.

ಅತ್ತೆಯವರ ಎರಡನೆಯ ವರ್ಷದ ಎಡೆ ಹೋದ ಅಮಾವಾಸ್ಯೆಗೆ ಇಟ್ಟೆ. ತಾಯಿಯ ಎಡೆಗೆ ಆಂಜಿನಮ್ಮಕ್ಕ ನಂಗಲಿಯಿಂದ ಬಂದಿದ್ದರು, ನಿಮಗೆ ಹೇಳಿರಬಹುದು.

ನಿಮ್ಮ ಸೊಸೆ
ಮುನಿಗಂಗಮ್ಮ


ನಂಗಲಿ
೨೦ನೇ ಮಾರ್ಚ್ ೧೯೪೧

ಮುನಿಗಂಗಮ್ಮನಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಬೊಡ್ಡೆಗಳನ್ನು ಒಂದೊಂದಾಗಿ ನೋಡು. ಗೇಣಿಗಿಂತ ಎತ್ತರ ಬಿಟ್ಟಿದ್ದರೆ ಮತ್ತೆ ಕಡಿಸು. ಎತ್ತರದಿಂದ ಬಂದ ಚಿಗುರು ಗಾಳಿಗೆ ಸೀಳಿಕೊಳ್ಳುತ್ತದೆ. ಕಡಿದ ಮುಖ ಓರೆ ಇರಬೇಕು. ಮಟ್ಟಸವಾಗಿದ್ದರೆ ಮಳೆನೀರು ನಿಂತು ಕೊಳೆಯುತ್ತದೆ. ತೊಗಟೆ ಬಿಟ್ಟುಕೊಂಡಿದ್ದರೆ ಆಳಿನ ಕೊಡಲಿ ಮೊಂಡು ಎಂದು ತಿಳಿ. ಅಂಥವನನ್ನು ಮುಂದಿನ ವರ್ಷ ಕರೆಯಬೇಡ.

ಮೊದಲ ಮಳೆಗೆ ಒಂದು ಬೊಡ್ಡೆಗೆ ಮೂವತ್ತು ನಲವತ್ತು ಚಿಗುರು ಬರುತ್ತದೆ. ವರ್ಷ ತುಂಬಿದ ಮೇಲೆ ಮೂರೋ ನಾಲ್ಕೋ ಉಳಿಸಿ ಮಿಕ್ಕಿದ್ದನ್ನು ತೆಗೆಸು. ಹೊರಮಗ್ಗುಲಿನವನ್ನು ಉಳಿಸು.

ಇಲ್ಲಿ ಅಳಿಯ ಕದಿರಪ್ಪನ ಹೋಟೆಲು ನಡೆಯುತ್ತಿದೆ. ಮುಳಬಾಗಿಲಿನಿಂದ ಬರುವ ಬಸ್ಸು ಇಲ್ಲೇ ನಿಲ್ಲುತ್ತದೆ. ನಾನು ಕಟ್ಟಿಗೆ ಜೋಡಿಸಿ ಕೊಡುತ್ತೇನೆ, ಸೀಳುವುದಿಲ್ಲ.

ಚನ್ನರಾಯಪ್ಪ


ದಿಂಡಿಗನಪಲ್ಲಿ
೯ನೇ ನವೆಂಬರ್ ೧೯೪೨

ಮಾವನವರಿಗೆ ನಮಸ್ಕಾರ.

ನಿಮ್ಮ ಮಾತಿನ ಪ್ರಕಾರವೇ ಏಳು ಎಂಟು ಎರಡು ಪಾಲಿನ ಬೊಡ್ಡೆಗಳನ್ನೂ ನೋಡಿಸಿದೆ. ಅತ್ತೆಯವರ ವಿಷಯಕ್ಕೆ ನೀವು ಏನೂ ಬರೆಯಲಿಲ್ಲ. ಇರಲಿ. ಈಗ ಬೇರೆ ಸಂಗತಿ ಬಂದಿದೆ.

ಯುದ್ಧದ ದೆಸೆಯಿಂದ ಪೆಟ್ರೋಲು ಸಿಕ್ಕದೆ ಬಸ್ಸು ಲಾರಿಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿವೆ ಎಂದು ನಿಮಗೆ ಅಲ್ಲಿ ಕಣ್ಣೆದುರಿಗೇ ಕಾಣುತ್ತಿರಬೇಕು. ಆ ಇದ್ದಿಲಿಗೆ ನಮ್ಮ ಕಾಡು ಆಗಬೇಕಂತೆ. ಮಾಲೂರಿನ ಕಡೆಯ ಕಂತ್ರಾಟುದಾರನೊಬ್ಬ ಹಿಡಿದಿದ್ದಾನೆ. ಸರದಿ ಇಲ್ಲ, ಹದಿನಾಲ್ಕು ಪಾಲನ್ನೂ ಒಂದೇ ವರ್ಷದಲ್ಲಿ ಕಡಿಯುವುದು. ಕಡಿದ ಮೇಲೆ ಬೊಡ್ಡೆಗಳನ್ನೂ ಅಗೆದು ತೆಗೆಯುವುದು. ಬೇರಿನ ಇದ್ದಿಲು ಗಟ್ಟಿಯಂತೆ, ಹೆಚ್ಚು ಹೊತ್ತು ಉರಿಯುತ್ತದಂತೆ. ನೆಲ ಬರಿದಾದ ಮೇಲೆ ರಾಗಿಗೆ ಹಂಚುತ್ತಾರಂತೆ. ಊರಿನಲ್ಲಿ ಅರ್ಧ ಜನ ನೆಲ ಸಿಕ್ಕುತ್ತದೆ ಎಂದು ಸುಮ್ಮನಿದ್ದಾರೆ.

ಹೋದ ವಾರ ಬೆಂಗಳೂರಿನಿಂದ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ ಬಂದು ಕಾಡನ್ನೆಲ್ಲ ಅಳೆದರು. ನಾನು ಜೊತೆಗೆ ಹೋದೆ. ಹನ್ನೊಂದನೆಯ ಪಾಲಿನಲ್ಲಿ ಒಂದು ಜಾಲಾರಿ ಇದೆಯಲ್ಲ, ಐದು ಕಾಂಡ ದುಂಡಗೆ ನಿಂತು ನಡುವೆ ಟೊಳ್ಳಾಗಿರುವುದು. ಅದರ ಸುತ್ತ ಅವರು ಟೇಪು ಹಿಡಿದರು. ಇವು ಐದು ಮರವಲ್ಲ, ಒಂದೇ ಮರ, ಕಡಿಸಿಕೊಂಡು ಕಡಿಸಿಕೊಂಡು ಹೊರಕ್ಕೆ ಹರಡಿದೆ ಎಂದರು. ಕಾಂಡಕ್ಕೆ ಹನ್ನೊಂದು ವರ್ಷ, ಬೇರಿಗೆ ಮುನ್ನೂರೋ ನಾನೂರೋ ಇರಬಹುದು, ಹೀಗೆ ಸರದಿ ತಪ್ಪದೆ ಇಟ್ಟುಕೊಂಡ ಕಾಡನ್ನು ನಾನು ಪುಸ್ತಕದಲ್ಲಿ ಓದಿದ್ದೆ, ನೋಡಿರಲಿಲ್ಲ ಎಂದರು. ಆಮೇಲೆ ಅದರ ನೆರಳಿನಲ್ಲೇ ಕೂತು, ಕಾಡು ಇದ್ದಿಲಿಗೆ ಯೋಗ್ಯವಾಗಿದೆ ಎಂದು ಬರೆದುಕೊಂಡರು. ಅವರ ಮೇಲೆ ನನಗೆ ಕೋಪವೂ ಬರಲಿಲ್ಲ.

ಇದ್ದಿಲಿನ ಗೂಡು ಕಟ್ಟುವುದಕ್ಕೆ ಪೇಟೆಯಿಂದ ರಹಮತ್ತುಲ್ಲಾ ಸಾಬರು ಬಂದಿದ್ದಾರೆ. ನಿಮ್ಮನ್ನು ಬಲ್ಲರಂತೆ. ಅವರ ಹೆಂಡತಿ ಅಮೀನಾ ಬೀ ನಮ್ಮ ಹಿತ್ತಿಲಿಗೇ ನೀರಿಗೆ ಬರುತ್ತಾರೆ. ಕಂತ್ರಾಟುದಾರನ ಕೆಲಸದವರಾದರೂ ಸಾಬರು ನನ್ನನ್ನು ಕರೆದು, ಮರ ಸುಡುವುದು ನನ್ನ ಕಸುಬು, ಬೇರು ಸುಟ್ಟರೆ ಮುಂದೆ ನನ್ನ ಮಕ್ಕಳು ಏನು ಸುಡಬೇಕು ಎಂದು ಕೇಳಿದರು. ಬೊಡ್ಡೆಯ ವಿಷಯಕ್ಕೆ ಹಳೆಯ ಕಾಗದ ಏನೋ ಇತ್ತಲ್ಲ, ನಿಮ್ಮ ಮಾವ ಮೇಸ್ತ್ರಿಗೆ ಬರೆ ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಮುನಿಗಂಗಮ್ಮ


ನಂಗಲಿ
೩೦ನೇ ನವೆಂಬರ್ ೧೯೪೨

ಮುನಿಗಂಗಮ್ಮನಿಗೆ,

ಕಾಗದ ಇದ್ದದ್ದು ನಿಜ. ಈಗ ಇಲ್ಲ. ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿ ಗೆದ್ದಲು ಹಿಡಿದು ಹೋಯಿತು. ಅದರಲ್ಲಿ ಏನಿತ್ತೆಂದು ಬರೆಯುತ್ತೇನೆ.

ಧಾತು ಸಂವತ್ಸರದ ಬರದಲ್ಲಿ ನಾನು ಎರಡು ವರ್ಷದ ಮಗು. ಸುತ್ತಲ ಹಳ್ಳಿಯವರೆಲ್ಲ ತಮ್ಮ ತಮ್ಮ ಕಾಡು ಅಗೆದು, ಬೇರನ್ನು ಇದ್ದಿಲು ಮಾಡಿ ಕೋಲಾರಕ್ಕೆ ಹೊತ್ತು ಮಾರಿಕೊಂಡರು. ನಮ್ಮೂರಿನವರೂ ಹಾರೆ ಹಿಡಿದು ಬಂದರು. ನಮ್ಮ ತಾತ ಮತ್ತು ಇನ್ನೂ ಆರು ಜನ ಪಾಲುಗಳ ಮೇರೆಯಲ್ಲಿ ಕೂತರು. ಸೊಪ್ಪು ಕಿತ್ತುಕೊಳ್ಳಿ, ಕೊಂಬೆ ಕಡಿದುಕೊಳ್ಳಿ, ಬೊಡ್ಡೆಗೆ ಹಾರೆ ಹಾಕಿದರೆ ಮೊದಲು ನಮಗೆ ಹಾಕಿ ಎಂದರು. ಎಂಟು ತಿಂಗಳು ಹಾಗೆ ಕೂತರು. ಆ ಎಂಟು ತಿಂಗಳಲ್ಲಿ ನಮ್ಮ ಮನೆಯಲ್ಲೇ ಐದು ಜನ ಸತ್ತರು. ನಮ್ಮ ಅಜ್ಜಿ ಸತ್ತ ದಿನವೂ ತಾತ ಮೇರೆ ಬಿಟ್ಟು ಬರಲಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರೋ ಬೇಸರದಿಂದಲೋ ನನಗೆ ಗೊತ್ತಾಗುತ್ತಿರಲಿಲ್ಲ.

ಬರ ಕಳೆದ ಮೇಲೆ ಬಂದ ಅಧಿಕಾರಿ ಸುತ್ತಲಿನಲ್ಲಿ ಇದೊಂದೇ ಕಾಡು ಹಸುರಾಗಿರುವುದನ್ನು ನೋಡಿ ಕಾಗದ ಬರೆದುಕೊಟ್ಟರು. ಕಡಿತ ಹಿಡಿದವನಿಗೆ ಮರ, ಊರಿಗೆ ಬೊಡ್ಡೆ, ಯಾರ ಹುಕುಂ ತಂದರೂ ಬೊಡ್ಡೆ ಅಗೆಯುವ ಹಾಗಿಲ್ಲ ಎಂದು. ನಮ್ಮಪ್ಪ ವರ್ಷವರ್ಷ ಕಡಿತದ ಮೊದಲ ದಿನ ಅದನ್ನು ಓದಿಸುತ್ತಿದ್ದರು. ನಾನೂ ಹತ್ತಾರು ಸಲ ಓದಿದ್ದೇನೆ. ಓದಿದವರಲ್ಲಿ ಈಗ ಉಳಿದವನು ನಾನೊಬ್ಬ.

ಇದನ್ನು ಯಾರಿಂದಾದರೂ ಅರ್ಜಿ ಬರೆಸಿ ಶ್ರೀನಿವಾಸಪುರಕ್ಕೆ ಕಳಿಸು. ನನ್ನನ್ನು ಬಾ ಎನ್ನಬೇಡ. ನನ್ನ ಮಾತು ಅಲ್ಲಿ ನಡೆಯುವುದಿಲ್ಲ, ನಿನಗೆ ಗೊತ್ತು.

ಇಲ್ಲಿ ಬಸ್ಸಿನ ಹಿಂದೆ ದೊಡ್ಡ ಪೀಪಾಯಿ ಕಟ್ಟಿದ್ದಾರೆ. ಅದಕ್ಕೆ ಇದ್ದಿಲು ಸುರಿದು ಅರ್ಧ ಗಂಟೆ ಚಕ್ರ ತಿರುವುತ್ತಾರೆ. ದಿಬ್ಬ ಬಂದರೆ ಜನ ಇಳಿದು ನೂಕುತ್ತಾರೆ.

ಚನ್ನರಾಯಪ್ಪ


ದಿಂಡಿಗನಪಲ್ಲಿ
೬ನೇ ಜನವರಿ ೧೯೪೩

ಮಾವನವರಿಗೆ ನಮಸ್ಕಾರ.

ಅರ್ಜಿ ಹಾಕಿದ್ದಾಯಿತು. ಈ ತಿಂಗಳು ಇಪ್ಪತ್ತೈದಕ್ಕೆ ಪೇಟೆಯಲ್ಲಿ ವಿಚಾರಣೆ ಇಟ್ಟಿದ್ದಾರೆ. ಕಾಗದ ಇಲ್ಲದಿದ್ದರೆ ಅದನ್ನು ಓದಿದವರು ಬಂದು ಹೇಳಬೇಕು, ಹೇಳಿಕೆ ಬರೆದು ಕಳಿಸಿದರೆ ಆಗದು ಎಂದಿದ್ದಾರೆ. ನೀವು ಬೇಡ ಎಂದಿದ್ದೀರಿ. ಆದರೂ ಬನ್ನಿ ಎಂದು ಕೇಳುತ್ತಿದ್ದೇನೆ.

ಕಂತ್ರಾಟುದಾರ ವಕೀಲರನ್ನು ಇಟ್ಟಿದ್ದಾನೆ. ವಕೀಲರ ಕೈಯಲ್ಲಿ ನಮ್ಮ ಯಜಮಾನರು ಹೋದ ದಿನದ ಪಂಚನಾಮೆಯ ನಕಲು ಇದೆಯಂತೆ. ಮರ ಬೀಳುವ ದಿಕ್ಕಿಗೆ ಹಾಕುವ ಕಚ್ಚನ್ನು ನಾನೇ ತಪ್ಪಿ ಹಾಕಿದೆ, ಅದಕ್ಕೇ ಮರ ಮಗನ ಮೇಲೆ ತಿರುಗಿತು ಎಂದು ನೀವು ರುಜು ಹಾಕಿದ್ದು. ಕಚ್ಚು ಹಾಕಲು ಬಾರದವನ ಮಾತಿಗೆ ಕಾಡಿನ ವಿಷಯದಲ್ಲಿ ಏನು ಬೆಲೆ ಎಂದು ಕೇಳುತ್ತಾರಂತೆ. ಇದನ್ನು ರಹಮತ್ತುಲ್ಲಾ ಸಾಬರು ಕಂತ್ರಾಟುದಾರನ ಬಾಯಿಂದಲೇ ಕೇಳಿ ಬಂದು ಹೇಳಿದರು.

ಹಾಗಾಗಿ ಒಂದು ವಿಷಯ ಬರೆಯದೆ ನಿಮ್ಮನ್ನು ಕರೆಯುವುದು ಸರಿಯಲ್ಲ. ಆರು ವರ್ಷದಿಂದ ಬರೆದಿಲ್ಲ, ಹೇಳಿಯೂ ಇಲ್ಲ.

ಆ ದಿನ ನಾನೂ ಅತ್ತೆಯವರೂ ಊಟ ಹೊತ್ತುಕೊಂಡು ಮೂರನೆಯ ಪಾಲಿಗೆ ಬಂದೆವು. ನೀವು ಒಣಗಿದ ತಾಯಿಮರ ಕಡಿಯುತ್ತಾ ಅದರ ಆಚೆ ಮಗ್ಗುಲಲ್ಲಿ ಇದ್ದಿರಿ, ನಿಮಗೆ ನಾವು ಕಾಣುತ್ತಿರಲಿಲ್ಲ. ಅವರು ದೂರದಲ್ಲಿ ಕೊಂಬೆ ಸವರುತ್ತಿದ್ದರು. ಆ ಬೆಳಿಗ್ಗೆ ಅವರು ಮನೆಯಲ್ಲಿ, ಒಂದು ಸಲ ನನ್ನ ಹೆಸರು ಹಿಡಿದು ಕರಿ ನೋಡೋಣ, ನಿನ್ನ ಕೈಲಾಗಲ್ಲ ಎಂದು ನಗೆಯಾಡಿದ್ದರು. ಅವರ ಹೆಸರು ಸೇರಿದೆಯೆಂದು ತಾಲ್ಲೂಕು ಊರಿನ ಹೆಸರನ್ನೂ ಹೇಳದೆ ಪೇಟೆ ಎನ್ನುವವಳು ನಾನು. ಇವತ್ತಿಗೂ ಹಾಗೇ. ಆ ದಿನ ಕೊಡಲಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡು, ಅತ್ತೆಯವರು ಕರೆಯುವ ಹಾಗೆಯೇ ಹೆಸರು ಹಿಡಿದು ಕೂಗಿದೆ. ಅವರಿಗೆ ಕೇಳಿಸಿತು. ನಗುತ್ತಾ ನೆಟ್ಟಗೆ ನನ್ನ ಕಡೆ ನಡೆದು ಬಂದರು. ಮರದ ಕಡೆ ನೋಡಲೇ ಇಲ್ಲ.

ಮರ ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಿತ್ತು. ನಾನು ನೋಡಿದೆ. ನಿಮ್ಮ ಕಚ್ಚು ತಪ್ಪಿರಲಿಲ್ಲ. ನೀವು ಯಾಕೆ ಹಾಗೆ ರುಜು ಹಾಕಿದಿರೋ ನನಗೆ ತಿಳಿಯಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆಯಿತ್ತು, ಆಮೇಲೆ ಅದೂ ಹೋಯಿತು, ಬಾಯಿ ಮಾತ್ರ ಹಾಗೇ ಉಳಿಯಿತು.

ವಕೀಲರು ಕೇಳಿದರೆ ಇದ್ದದ್ದನ್ನು ಹೇಳಿ. ಕಚ್ಚು ಸರಿಯಾಗಿತ್ತು, ಸೊಸೆ ಕರೆದಳು, ಮಗ ದಾರಿಗೆ ಅಡ್ಡ ಬಂದ ಎಂದು ಹೇಳಿ. ನನಗೆ ಏನೂ ಆಗುವುದಿಲ್ಲ.

ಮುನಿಗಂಗಮ್ಮ


ನಂಗಲಿ
೧೫ನೇ ಜನವರಿ ೧೯೪೩

ಕಾಗದ ಮುಟ್ಟಿತು. ಇಪ್ಪತ್ತೈದಕ್ಕೆ ಕದಿರಪ್ಪನ ಜೊತೆ ನೆಟ್ಟಗೆ ಶ್ರೀನಿವಾಸಪುರಕ್ಕೆ ಹೋಗುತ್ತೇನೆ. ನೀನು ಬರಬೇಡ. ಬರೆದದ್ದನ್ನು ಇನ್ನು ಯಾರಿಗೂ ಬರೆಯಬೇಡ.

ಚ.


ದಿಂಡಿಗನಪಲ್ಲಿ
೧೧ನೇ ಫೆಬ್ರವರಿ ೧೯೪೩

ಮಾವನವರಿಗೆ ನಮಸ್ಕಾರ.

ನೀವು ವಿಚಾರಣೆ ಮುಗಿಸಿ ಅಲ್ಲಿಂದಲೇ ನಂಗಲಿ ಬಸ್ಸು ಹತ್ತಿದಿರಿ ಎಂದು ರಹಮತ್ತುಲ್ಲಾ ಸಾಬರು ಬಂದು ಹೇಳಿದರು. ಪೇಟೆಯಿಂದ ಊರಿಗೆ ಐದು ಮೈಲಿ. ಇರಲಿ.

ಒಳಗೆ ನಡೆದದ್ದನ್ನೆಲ್ಲ ಸಾಬರು ಅಮೀನಾ ಬೀಯ ಎದುರಿಗೆ ನನಗೆ ಹೇಳಿದರು. ನನಗೆ ಗೊತ್ತಾಗಿದೆ ಎಂದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತೇನೆ.

ನೀವು ಕಾಗದದಲ್ಲಿದ್ದ ಮಾತನ್ನು ಒಂದಕ್ಷರ ಬಿಡದೆ ಹೇಳಿದಿರಂತೆ. ಅಧಿಕಾರಿಗಳು ತಲೆಯಾಡಿಸಿ ಬರೆದುಕೊಂಡರಂತೆ. ಆಮೇಲೆ ವಕೀಲರು ಪಂಚನಾಮೆ ತೆಗೆದು, ಇದರ ಮೇಲಿನ ರುಜು ನಿಮ್ಮದೇ ಏನು ಎಂದು ಕೇಳಿದರಂತೆ. ಹೌದು ಎಂದಿರಿ. ಬರೆದಿರೋದು ನಿಜವೋ ಸುಳ್ಳೋ ಎಂದರು.  ಕದಿರಪ್ಪಣ್ಣ ನೀರು ಕೊಡಲು ಎದ್ದರಂತೆ.

"ನಿಜ ಸ್ವಾಮಿ. ಕಚ್ಚು ನಂದೇ ತಪ್ಪು," ಎಂದಿರಿ.

"ಮಗನ ಜೀವಾನೇ ಕಾಯಕ್ಕಾಗ್ದೋನು ಕಾಡು ಕಾಯೋ ಮಾತು ಆಡ್ತೀಯಲ್ಲ" ಎಂದು ವಕೀಲರು ಕೂತರಂತೆ. ನೀವು ಅಧಿಕಾರಿಗಳ ಕಡೆ ತಿರುಗಿ, "ನನ್ ಮಾತು ನಂಬಬೇಡಿ ಬುದ್ಧೀ. ಬೊಡ್ಡೆ ನೋಡಿ. ಒಂದೊಂದರ ಮ್ಯಾಲೂ ಹಳೇ ಕಡಿತದ ಗಂಟು ಅವೆ, ಎಣಿಸ್ಕೊಳಿ. ಅಷ್ಟು ಸಲ ಕಡಿದೋರಲ್ಲಿ ಒಬ್ಬನಾದರೂ ಬೇರಿಗೆ ಕೈ ಹಾಕವನಾ ನೋಡಿ" ಎಂದಿರಂತೆ. ಸಾಬರೂ ಎದ್ದು, ತಾನು ಇದ್ದಿಲು ಸುಡುವವನು, ಬೇರು ತೆಗೆದರೆ ಈ ಕಾಡು ಒಂದು ಸಲಕ್ಕೆ ಮಾತ್ರ, ಬಿಟ್ಟರೆ ಎಂದೆಂದಿಗೂ ಇದ್ದಿಲು ಎಂದು ಹೇಳಿದರು. ಮಾರನೆಯ ದಿನವೇ ಕಂತ್ರಾಟುದಾರ ಅವರನ್ನು ಬಿಡಿಸಿದ. ಈಗ ವಕ್ಕಲೇರಿಯ ಕಡೆ ಕೆಲಸ ಹುಡುಕಿಕೊಂಡು ಹೋಗಿದ್ದಾರೆ.

ಅಧಿಕಾರಿಗಳು ಮೂರು ದಿನದ ಮೇಲೆ ಕಾಡಿಗೆ ಬಂದರು. ಹನ್ನೊಂದನೆಯ ಪಾಲಿನಲ್ಲಿ ನಾನೇ ಬೊಡ್ಡೆಯ ಪಾಚಿ ಕೆರೆದು ತೋರಿಸಿದೆ. ಹತ್ತೊಂಬತ್ತು ಗಂಟು ಎಣಿಸಿ ಮುಂದಿನದು ತಿಳಿಯದು ಎಂದರು. ನಿನ್ನೆ ಹುಕುಂ ಬಂತು. ಆರರಿಂದ ಹದಿನಾಲ್ಕನೆಯ ಪಾಲಿನ ತನಕ ಮರ ಮಾತ್ರ ಕಡಿಯಬಹುದು, ಬೊಡ್ಡೆ ಮುಟ್ಟಬಾರದು. ರಸ್ತೆಯ ಬದಿಯ ಐದು ಪಾಲು, ಒಂದರಿಂದ ಐದು, ಬೇರುಸಹಿತ ತೆಗೆದು ಸಾಗುವಳಿಗೆ. ಸಾಕ್ಷಿಯ ಮಾತು ಪೂರ್ತಿ ನಂಬತಕ್ಕದ್ದಾಗಿ ಕಾಣುವುದಿಲ್ಲ ಎಂದು ಒಂದು ಸಾಲು ಬರೆದಿದ್ದಾರೆ. ಆ ಸಾಲು ಇಲ್ಲದಿದ್ದರೆ ಹದಿನಾಲ್ಕೂ ಉಳಿಯುತ್ತಿತ್ತು ಎಂದು ಕೋದಂಡರಾಮಪ್ಪನವರೇ ಹೇಳಿದರು.

ನಿಮಗೆ ಅಷ್ಟು ಬಿಡಿಸಿ ಬರೆದಿದ್ದೆ. ಯಾಕೆ ಹೇಳಲಿಲ್ಲ?

ಮುನಿಗಂಗಮ್ಮ


ದಿಂಡಿಗನಪಲ್ಲಿ
೧೮ನೇ ಜುಲೈ ೧೯೪೩

ಮಾವನವರಿಗೆ,

ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಕಾವಲಿನವಳಾಗಿ ಲೆಕ್ಕ ಒಪ್ಪಿಸುವುದು ನನ್ನ ಕೆಲಸ.

ಕಡಿತ ಯುಗಾದಿಗೆ ಮುಗಿಯಿತು. ಮೇಲಿನ ಪಾಲುಗಳಲ್ಲಿ ಬೊಡ್ಡೆಗೆ ಯಾರೂ ಕೈ ಹಾಕಲಿಲ್ಲ. ಐದು ಪಾಲಿನ ಅಗೆತ ಮೊದಲ ಮಳೆ ಬಿದ್ದ ಮೇಲೆ ಶುರುವಾಯಿತು. ಒಂದೊಂದು ಬೊಡ್ಡೆಗೆ ನಾಲ್ಕು ಜನ, ಎರಡು ಹಾರೆ, ಕೊನೆಗೆ ಎತ್ತು ಕಟ್ಟಿ ಎಳೆಯುವುದು. ಮೂರನೆಯ ಪಾಲು ಒಂಬತ್ತು ದಿನ ಹಿಡಿಯಿತು. ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು, ಯಾವುದು ಯಾವ ಮರದ್ದು ಎಂದು ಬಿಡಿಸಲಾಗಲಿಲ್ಲ. ಒಂಬತ್ತು ದಿನವೂ ಬೇಲಿಯ ಹತ್ತಿರ ನಿಂತು ನೋಡಿದೆ. ಅಳು ಬರಲಿಲ್ಲ. ಹಸಿವಾದಾಗ ಮನೆಗೆ ಬಂದು ಉಂಡು ಮತ್ತೆ ಹೋಗಿ ನಿಂತೆ.

ಈಗ ಅಲ್ಲಿ ರಾಗಿ ಬಿತ್ತಿದ್ದಾರೆ. ಅವರು ಬಿದ್ದ ಜಾಗ ಇದೇ ಎಂದು ಇನ್ನು ತೋರಿಸಲು ಬರುವುದಿಲ್ಲ.

ಮೇಲೆ ಎಲ್ಲ ಒಂದೇ ಸಲ ಚಿಗುರಿದೆ. ಒಂಬತ್ತು ಪಾಲೂ ಒಂದೇ ವಯಸ್ಸಿನವು. ಮತ್ತೆ ಸರದಿ ಹೇಗೆ ಮಾಡಬೇಕೋ ಗೊತ್ತಿಲ್ಲ. ಒಂಬತ್ತು ಪಾಲಿಗೂ ಬೇಲಿ ಬೇಕು, ಮೇಕೆಗಳಿಗೆ ಬೇರೆ ಮೇವು ಉಳಿದಿಲ್ಲ, ಊರಿನವರು ಜಗಳಕ್ಕೆ ಬರುತ್ತಾರೆ. ಒಬ್ಬಳ ಕೈಲಿ ಆಗುತ್ತಿಲ್ಲ. ಇದು ದೂರಲ್ಲ, ಇರುವ ಸಂಗತಿ.

ಮುನಿಗಂಗಮ್ಮ


ನಂಗಲಿ
೨೯ನೇ ಆಗಸ್ಟ್ ೧೯೪೩

ಮುನಿಗಂಗಮ್ಮನಿಗೆ,

ನೀನು ಯಾಕೆ ಎಂದು ಕೇಳಿದ್ದೀಯೆ. ಏಳು ತಿಂಗಳಿಂದ ಕಾಗದ ಹಾಸಿಕೊಂಡು ಕೂರುವುದು, ಎತ್ತಿಡುವುದು ಆಯಿತು. ಬರೆದುಬಿಡುತ್ತೇನೆ.

ಆ ದಿನ ಸೀನಪ್ಪನನ್ನು ಕರೆದದ್ದು ನನಗೆ ಕೇಳಿಸಿತು. ಹೆಂಗಸಿನ ದನಿ, ಹೆಸರು ಹಿಡಿದು. ಮರ ಆಗಲೇ ಕದಲಿತ್ತು. ನಾನು ಕೂಗಿದೆ, ನನ್ನ ಕೂಗು ಮರದ ಸದ್ದಿನಲ್ಲಿ ಹೋಯಿತು. ಆಚೆ ಬಂದು ನೋಡಿದರೆ ನೀನೂ ನಿನ್ನ ಅತ್ತೆಯೂ ನಿಂತಿದ್ದಿರಿ. ಸೊಸೆ ಗಂಡನ ಹೆಸರು ಹಿಡಿಯುವವಳಲ್ಲ. ಹಾಗೆ ಅವನನ್ನು ಕರೆಯುತ್ತಿದ್ದವಳು ಪ್ರಪಂಚದಲ್ಲಿ ಒಬ್ಬಳೇ. ಅವನ ತಾಯಿ.

ಹೆತ್ತವಳು ಕರೆದು ಕೊಂದಳು ಎಂದು ಊರು ಆಡಿಕೊಳ್ಳಬಾರದು ಎಂದು ಕಚ್ಚು ನನ್ನದು ತಪ್ಪು ಎಂದು ಬರೆಸಿದೆ. ಅಷ್ಟು ಮಾಡಲು ನನಗೆ ಕಷ್ಟವಾಗಲಿಲ್ಲ. ಆದರೆ ಆಮೇಲೆ ಅವಳ ಮುಖ ನೋಡುವುದು ಆಗಲಿಲ್ಲ. ಅವಳು ಗಂಜಿ ತಂದಿಟ್ಟರೆ ಆ ದನಿಯೇ ಕಿವಿಗೆ ಬರುತ್ತಿತ್ತು. ಅವಳಾದರೂ ಬಾಯಿಬಿಟ್ಟು ನಾನು ಕರೆದೆ ಎಂದು ಹೇಳಿದ್ದರೆ ಇರುತ್ತಿದ್ದೆನೇನೋ. ಹೇಳಲಿಲ್ಲ. ಹದಿಮೂರನೆಯ ದಿನ ಮುಗಿದ ಮೇಲೆ ಆಂಜಿನಮ್ಮನ ಮನೆಗೆ ಎಂದು ಬಂದವನು ಇಲ್ಲೇ ಉಳಿದೆ. ಎರಡು ವರ್ಷ ತುಂಬುವ ಮುಂಚೆ ಅವಳು ಮಲಗಿದ್ದಾಳೆ ಎಂದು ನೀನು ಹೇಳಿಕಳಿಸಿದೆ. ಮೂರು ತಿಂಗಳು ಮಲಗಿದ್ದಳು. ನಾನು ಆಂಜಿನಮ್ಮನನ್ನು ಮಾತ್ರ ಕಳಿಸಿದೆ. ಮಣ್ಣಿಗೂ ಬರಲಿಲ್ಲ.

ಈ ಸಂಕ್ರಾಂತಿಗೆ ನಿನ್ನ ಕಾಗದ ಬಂತು. ಕರೆದದ್ದು ನೀನು ಎಂದು.

ವಿಚಾರಣೆಯಲ್ಲಿ 'ಸೊಸೆ ಕರೆದಳು' ಎಂದರೆ ಹದಿನಾಲ್ಕು ಪಾಲೂ ಉಳಿಯಬಹುದು ಎಂದು ನನಗೂ ಗೊತ್ತಿತ್ತು. ಬಾಯಿಯವರೆಗೂ ಬಂತು. ಆದರೆ ಒಬ್ಬಳನ್ನು ಹಾಗೆ ಮನಸ್ಸಿನಲ್ಲಿಟ್ಟು ಸಾಯಿಸಿದ್ದೇನೆ. ಎರಡನೆಯವಳನ್ನು ಊರಿನ ಬಾಯಿಗೆ ಕೊಡಲು ಆಗಲಿಲ್ಲ. ನಿನ್ನ ಮೇಲೆ ಸಿಟ್ಟಿದೆಯೇ ಎಂದು ನೋಡಿಕೊಂಡೆ. ಸಿಟ್ಟು ಇದ್ದ ಜಾಗದಲ್ಲಿ ಏನೂ ಇಲ್ಲ.

ಸರದಿಯ ವಿಷಯ. ಒಂಬತ್ತು ಪಾಲೂ ಒಂದೇ ವಯಸ್ಸಾದರೆ ಏಳು ವರ್ಷ ಯಾವುದಕ್ಕೂ ಕೊಡಲಿ ಹಾಕಬಾರದು. ಎಂಟನೆಯ ವರ್ಷಕ್ಕೆ ಮೊದಲನೆಯದನ್ನು ಎಳೆಯದಾಗಿಯೇ ಕಡಿದು, ವರ್ಷಕ್ಕೊಂದರಂತೆ ಮುಂದೆ ಹೋಗಬೇಕು. ಒಂದು ಸುತ್ತು ಮುಗಿಯುವ ಹೊತ್ತಿಗೆ ಸರಿಹೋಗುತ್ತದೆ. ಅದನ್ನು ನೋಡಲು ನಾನು ಇರುವುದಿಲ್ಲ.

ಚನ್ನರಾಯಪ್ಪ


ದಿಂಡಿಗನಪಲ್ಲಿ
೧೯ನೇ ಸೆಪ್ಟೆಂಬರ್ ೧೯೪೩

ಮಾವನವರಿಗೆ,

ನಿಮ್ಮ ಕಾಗದವನ್ನು ಕಾಡಿನಲ್ಲಿ ಕೂತು ಓದಿದೆ. ಅದಾದ ಮೇಲೆ ಸಂಜೆಯ ಸುತ್ತು ಸುತ್ತಿ ಮನೆಗೆ ಬಂದೆ.

ಅತ್ತೆಯವರ ವಿಷಯ ನಿಮಗೆ ತಿಳಿಯದ್ದು ಒಂದಿದೆ. ಹೇಳದೆ ಇಟ್ಟುಕೊಂಡದ್ದರಲ್ಲಿ ಇದೇ ಕಡೆಯದು.

ಆ ದಿನ ನಾನು ಕರೆದಾಗ ಅತ್ತೆಯವರು ನನ್ನ ಮಗ್ಗುಲಲ್ಲೇ ಇದ್ದರು. ನನ್ನ ಬಾಯಲ್ಲಿ ಹೆಸರು ಕೇಳಿ ಅವರೂ ನಕ್ಕರು. ಆಮೇಲೆ ಎರಡು ವರ್ಷ ನಾವಿಬ್ಬರೇ ಆ ಮನೆಯಲ್ಲಿ ಇದ್ದೆವು. ಒಂದು ದಿನಕ್ಕೂ ಅವರು ಆ ಮಾತು ಎತ್ತಲಿಲ್ಲ. ನನ್ನ ತಲೆ ಬಾಚುತ್ತಿದ್ದರು. ನನ್ನ ತಟ್ಟೆಗೆ ಮೊದಲು ಬಡಿಸುತ್ತಿದ್ದರು.

ಹಾಸಿಗೆ ಹಿಡಿದು ಮೂರನೆಯ ತಿಂಗಳಲ್ಲಿ, ನೀವು ಬರುತ್ತೀರಿ ಎಂದು ನಾನು ದಿನಾ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅವರು, "ಅವರು ಬರಲ್ಲ ಕಣೇ. ಕರೆದೋಳು ನಾನೂಂತ ತಿಳ್ಕೊಂಡವ್ರೆ" ಎಂದರು.  ಇವತ್ತೇ ಬರೆದು ಹಾಕುತ್ತೇನೆ, ಕರೆದವಳು ನಾನು ಎಂದು ಹೇಳುತ್ತೇನೆ ಎಂದು ಎದ್ದೆ. ಅವರು ಸೆರಗು ಹಿಡಿದುಕೊಂಡರು.

"ಇರ್ಲಿ ಬಿಡು. ನಾನು ಹೋಗೋಳು. ನೀನು ಇನ್ನೂ ಬಾಳಬೇಕಾದೋಳು."

ಅಷ್ಟೇ ಹೇಳಿದರು. ಅವರಿಗೆ ಅದು ಹೇಗೆ ಗೊತ್ತಾಯಿತೋ ಕೇಳಲಿಲ್ಲ. ಮದುವೆಯಾಗಿ ನಲವತ್ತು ವರ್ಷ ನಿಮ್ಮ ಜೊತೆ ಇದ್ದವರು. ನಾನು ಕೂತುಬಿಟ್ಟೆ. ಬರೆಯಲಿಲ್ಲ. ಎಂಟು ದಿನಕ್ಕೆ ಹೋದರು.

ಅವರ ಮಾತು ಕೇಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಸುಳ್ಳು. ನನಗೆ ಅನುಕೂಲವಾದ ಮಾತನ್ನು ಕೇಳಿದೆ.

ಇದನ್ನು ಓದಿ ನೀವು ಏನು ಬರೆದರೂ ಸರಿ, ಬರೆಯದಿದ್ದರೂ ಸರಿ. ನಾನು ಕಾವಲು ಬಿಡುವುದಿಲ್ಲ. ರಹಮತ್ತುಲ್ಲಾ ಸಾಬರು ತಿರುಗಿ ಬಂದಿದ್ದಾರೆ, ಅಮೀನಾ ಬೀಯೂ ಅವರೂ ಬೇಲಿಗೆ ಮುಳ್ಳು ಹೊರುತ್ತಿದ್ದಾರೆ. ಏಳು ವರ್ಷ ಕೊಡಲಿ ಹಾಕಬಾರದು ಎಂದು ನೀವು ಬರೆದದ್ದನ್ನು ಕಮಿಟಿಯಲ್ಲಿ ಓದಿ ಹೇಳಿದೆ. ಕಾಗದದ ಮಿಕ್ಕ ಭಾಗವನ್ನು ಮಡಚಿ ಹಿಡಿದಿದ್ದೆ. ಒಪ್ಪಿದರು.

ಮುನಿಗಂಗಮ್ಮ


ನಂಗಲಿ
೩ನೇ ಅಕ್ಟೋಬರ್ ೧೯೪೩

ಮಗಳು ಮುನಿಗಂಗಮ್ಮನಿಗೆ,

ಗುರುವಾರದ ಬಸ್ಸಿಗೆ ಬರುತ್ತೇನೆ. ಒಬ್ಬನೇ ಬರುತ್ತೇನೆ. ನಿನ್ನ ಅತ್ತೆ ರಾಮಲಕ್ಷ್ಮಮ್ಮನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ನಾನು ಇದುವರೆಗೆ ಯಾರನ್ನೂ ಕೇಳಿಲ್ಲ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗು. ಮನೆಗೆ ಆಮೇಲೆ.

ಚನ್ನರಾಯಪ್ಪ